ತೂಕಕ್ಕೆ ಹಾಕುವ ಮುನ್ನ

ಹಳೆಯ ಹೋಮ್ ಮೂವಿ ರೀಲುಗಳ ಸಂಗ್ರಹವನ್ನು ಮಾರಲು ಹೊರಟವರು ಮೊದಲು ಕೇಳುವುದು ‘ಎಷ್ಟು ಬರಬಹುದು?’ ಅಂತ. ಆ ಲೆಕ್ಕಕ್ಕೆ ಕೂರುವ ಮೊದಲು ಡಬ್ಬಿಗಳನ್ನೆಲ್ಲ ಮೇಜಿನ ಮೇಲೆ ಹರವಿ ಎರಡು ಪಾಲು ಮಾಡಿಕೊಳ್ಳಬೇಕು. ಅಂಗಡಿಯಿಂದ ಕೊಂಡು ತಂದ ಚಿತ್ರಗಳು ಒಂದು ಕಡೆ: ಚಾಪ್ಲಿನ್, ಲಾರೆಲ್-ಹಾರ್ಡಿ, ಕಾರ್ಟೂನು, ಸುದ್ದಿಚಿತ್ರ. ಮನೆಯವರೇ ಕ್ಯಾಮರಾ ಹಿಡಿದು ತೆಗೆದವು ಇನ್ನೊಂದು ಕಡೆ: ಮದುವೆ, ನಾಮಕರಣ, ವಿಮಾನ ನಿಲ್ದಾಣದಲ್ಲಿ ಬೀಳ್ಕೊಡುಗೆ, ಹಿತ್ತಿಲಲ್ಲಿ ಆಡುವ ಮಕ್ಕಳು. ಎರಡೂ ಒಂದೇ ಅಳತೆಯ ರೀಲುಗಳು, ಡಬ್ಬಿಗಳೂ ಒಂದೇ ಬಗೆಯವು. ಹೊರಗಿನಿಂದ ನೋಡಿದರೆ ವ್ಯತ್ಯಾಸ ಗೊತ್ತಾಗದು. ಆದರೆ ಮೊದಲನೆಯದಕ್ಕೆ ಲೋಕದಲ್ಲಿ ಇನ್ನೂ ಎಷ್ಟೋ ಪ್ರತಿಗಳಿರಬಹುದು. ಎರಡನೆಯದಕ್ಕೆ ಇರುವುದು ಇದೊಂದೇ.

ಇದಕ್ಕೆ ಕಾರಣ ಫಿಲ್ಮಿನ ರಸಾಯನದಲ್ಲೇ ಇದೆ. ಸ್ಟುಡಿಯೋದಲ್ಲಿ ಫೋಟೊ ತೆಗೆಸಿದರೆ ನೆಗೆಟಿವ್ ಬೇರೆ ಇರುತ್ತದೆ, ಬೇಕಾದಷ್ಟು ಪ್ರತಿ ಹಾಕಿಸಬಹುದು. ಮನೆಬಳಕೆಯ ಕ್ಯಾಮರಾಗಳಿಗೆ ಹಾಕುತ್ತಿದ್ದದ್ದು ಬಹುಪಾಲು ರಿವರ್ಸಲ್ ಫಿಲ್ಮು. ಬೆಳಕಿಗೆ ಒಡ್ಡಿದ ಪಟ್ಟಿಯನ್ನೇ ಲ್ಯಾಬಿನಲ್ಲಿ ತೊಳೆದು, ಅದನ್ನೇ ನೇರಚಿತ್ರವಾಗಿ ಮಾರ್ಪಡಿಸಿ ಕಳಿಸುತ್ತಿದ್ದರು. ಕ್ಯಾಮರಾದೊಳಗೆ ಓಡಿದ ಪಟ್ಟಿಯೂ ಪರದೆಯ ಮೇಲೆ ಓಡುವ ಪಟ್ಟಿಯೂ ಒಂದೇ. ಅದು ಕೈತಪ್ಪಿದರೆ ಇನ್ನೊಂದು ಪ್ರತಿ ತೆಗೆಸಲು ದಾರಿಯೇ ಇಲ್ಲ. ಹೀಗಿರುವಾಗ ಎರಡೂ ಪಾಲನ್ನು ಸೇರಿಸಿ ‘ಒಟ್ಟು ಇಷ್ಟಕ್ಕೆ ಕೊಟ್ಟುಬಿಡುತ್ತೇವೆ’ ಎನ್ನುವುದು ನನಗೆ ಸಂಕಟದ ವಿಷಯ. ಈ ಬರಹಕ್ಕೆ ಕೂತದ್ದೂ ಅದಕ್ಕಾಗಿಯೇ.

ಮನೆಯೊಳಗೆ ಸಿನಿಮಾ ತೋರಿಸುವ ಆಸೆ ಸಿನಿಮಾದಷ್ಟೇ ಹಳೆಯದು. ಅಡ್ಡಿಯಾಗಿದ್ದದ್ದು ಬೆಂಕಿ. ಚಿತ್ರಮಂದಿರಗಳ 35 ಎಂ.ಎಂ. ನೈಟ್ರೇಟ್ ಫಿಲ್ಮು ಹೊತ್ತಿಕೊಂಡರೆ ನೀರಿಗೂ ಆರುತ್ತಿರಲಿಲ್ಲ. ಅಂಥದ್ದನ್ನು ನಡುಮನೆಯಲ್ಲಿ ಓಡಿಸುವುದು ಸಾಧ್ಯವಿರಲಿಲ್ಲ. ಬೇಗ ಹೊತ್ತಿಕೊಳ್ಳದ ಅಸಿಟೇಟ್ ಪಟ್ಟಿಯ ಮೇಲೆ ಸಣ್ಣ ಅಳತೆಗಳು ಬಂದಾಗ ದಾರಿ ತೆರೆಯಿತು. 1922ರ ಕೊನೆಗೆ ಫ್ರಾನ್ಸಿನ ಪಾಥೆ ಕಂಪನಿ 9.5 ಎಂ.ಎಂ. ಅಳತೆಯ ‘ಪಾಥೆ ಬೇಬಿ’ಯನ್ನು ತಂದಿತು. ಮರುವರ್ಷ ಕೊಡಾಕ್ 16 ಎಂ.ಎಂ. ತಂದಿತು, 1932ರಲ್ಲಿ 8 ಎಂ.ಎಂ., 1965ರಲ್ಲಿ ಸೂಪರ್ 8. ಪಾಥೆಯವರ ಜಾಣತನ ಇವತ್ತಿಗೂ ನನಗೆ ಅಚ್ಚರಿ. ತೂತುಗಳನ್ನು ಅಂಚಿನಲ್ಲಿ ಹೊಡೆಯದೆ ಎರಡು ಫ್ರೇಮುಗಳ ನಡುವೆ ಹೊಡೆದು, ಪಟ್ಟಿಯ ಅಗಲವನ್ನೆಲ್ಲ ಚಿತ್ರಕ್ಕೇ ಉಳಿಸಿಕೊಂಡರು. ಬರಹದ ಫಲಕ ಬರುವಲ್ಲಿ ಅಂಚಿಗೆ ಒಂದು ಸಣ್ಣ ಕಚ್ಚು ಕೊಟ್ಟರು. ಪ್ರೊಜೆಕ್ಟರ್ ಆ ಕಚ್ಚನ್ನು ಗುರುತಿಸಿ ಕೆಲವು ಸೆಕೆಂಡು ಅಲ್ಲೇ ನಿಲ್ಲುತ್ತಿತ್ತು. ಓದುವಷ್ಟು ಹೊತ್ತು ಫಿಲ್ಮು ಖರ್ಚಾಗುತ್ತಿರಲಿಲ್ಲ.

ಕೈಯಲ್ಲಿರುವುದು ಯಾವ ಅಳತೆ ಎಂದು ತಿಳಿಯಲು ಯಂತ್ರ ಬೇಡ, ಕಣ್ಣು ಸಾಕು. ತೂತು ನಟ್ಟನಡುವೆ ಇದ್ದರೆ 9.5. ಪಟ್ಟಿ ಅಗಲವಾಗಿದ್ದು ಎರಡೂ ಅಂಚಿಗೆ ತೂತಿದ್ದರೆ 16 ಎಂ.ಎಂ. ಮೂಕಿ. ತೂತು ಒಂದೇ ಅಂಚಿಗಿದ್ದು ಇನ್ನೊಂದು ಅಂಚಿನಲ್ಲಿ ಅಲೆಯಂಥ ಗೆರೆ ಓಡಿದ್ದರೆ ಅದು ಧ್ವನಿಯ ಪ್ರತಿ. ಹಳೆಯ 8 ಎಂ.ಎಂ. ಹಾಗೂ ಸೂಪರ್ 8 ಎರಡೂ ಒಂದೇ ಅಗಲ. ಮೊದಲನೆಯದರ ತೂತು ದೊಡ್ಡದು, ಎರಡು ಫ್ರೇಮು ಕೂಡುವಲ್ಲಿರುತ್ತದೆ. ಎರಡನೆಯದರದ್ದು ಚಿಕ್ಕದು, ಫ್ರೇಮಿನ ಮಗ್ಗುಲ ಮಧ್ಯಕ್ಕಿರುತ್ತದೆ. ಚಿತ್ರಕ್ಕೆ ಹೆಚ್ಚು ಜಾಗ ಸಿಗಲೆಂದೇ ತೂತನ್ನು ಕುಗ್ಗಿಸಿದ್ದು. ರೀಲಿನ ನಡುವಿನ ಕಂಡಿಯೂ ಹೇಳುತ್ತದೆ: ಸೂಪರ್ 8ರದ್ದು ದೊಡ್ಡದು, ಹಳೆಯದರದ್ದು ಸಣ್ಣದು. ಪಟ್ಟಿಯ ಅಂಚಿಗೆ ಕಂದು ಬಣ್ಣದ ತೆಳುಗೆರೆ ಬಳಿದಂತಿದ್ದರೆ ಅದು ಕಾಂತೀಯ ಧ್ವನಿಪಟ್ಟಿ. ಅದರ ಹತ್ತಿರ ಸ್ಪೀಕರ್, ಮೋಟಾರು ತರಬಾರದು.

ಹಳೆಯ 8 ಎಂ.ಎಂ. ಮನೆಚಿತ್ರಕ್ಕೆ ಇನ್ನೊಂದು ಗುರುತಿದೆ. 16 ಎಂ.ಎಂ. ಅಗಲದ 25 ಅಡಿ ಪಟ್ಟಿಯ ಒಂದು ಅರ್ಧದ ಮೇಲೆ ತೆಗೆದು, ಸುರುಳಿ ತಿರುಗಿಸಿ ಹಾಕಿ ಇನ್ನೊಂದು ಅರ್ಧದ ಮೇಲೆ ತೆಗೆಯಬೇಕಿತ್ತು. ಲ್ಯಾಬಿನವರು ಉದ್ದಕ್ಕೆ ಸೀಳಿ, ಜೋಡಿಸಿ 50 ಅಡಿ ಮಾಡಿ ಕೊಡುತ್ತಿದ್ದರು. ತಿರುಗಿಸಿ ಹಾಕುವಾಗ ಬೆಳಕು ತಾಗಿ, ರೀಲಿನ ನಡುವೆ ಒಂದು ಕ್ಷಣ ಪರದೆ ಬೆಳ್ಳಗಾಗುತ್ತದೆ. ಕೊಂಡ ಚಿತ್ರದಲ್ಲಿ ಇದು ಇರುವುದಿಲ್ಲ.

ಇನ್ನು ಕೊಂಡ ಚಿತ್ರಗಳ ಮಾತು. ಅಮೆರಿಕದಲ್ಲಿ ಯೂಜಿನ್ ಕ್ಯಾಸಲ್‌ನ ಕ್ಯಾಸಲ್ ಫಿಲ್ಮ್ಸ್ 1937ರಿಂದ ಮನೆಗಳಿಗೆ ಚಿತ್ರ ಮಾರತೊಡಗಿತು. ಆರಂಭದ ರೀಲುಗಳಲ್ಲಿ ಹಿಂಡೆನ್‌ಬರ್ಗ್ ಆಕಾಶನೌಕೆ ಉರಿದುಬಿದ್ದ ಸುದ್ದಿಚಿತ್ರವೂ ಇತ್ತು. 1947ರಲ್ಲಿ ಯೂನಿವರ್ಸಲ್ ಸ್ಟುಡಿಯೋ ಅದನ್ನು ಕೊಂಡ ಮೇಲೆ ಡ್ರಾಕುಲ, ಫ್ರಾಂಕೆನ್‌ಸ್ಟೈನ್ ಚಿತ್ರಗಳ ತುಣುಕುಗಳು ಮನೆಗಳಿಗೆ ಬಂದವು. ಅಯೋವಾ ರಾಜ್ಯದ ಡೇವನ್‌ಪೋರ್ಟಿನ ಬ್ಲ್ಯಾಕ್‌ಹಾಕ್ ಫಿಲ್ಮ್ಸ್ ಲಾರೆಲ್-ಹಾರ್ಡಿ ಹಾಗೂ ಮೂಕಿ ಹಾಸ್ಯಚಿತ್ರಗಳನ್ನು ಒಳ್ಳೆಯ ಪ್ರತಿಗಳಲ್ಲಿ ಕೊಟ್ಟು ಹೆಸರು ಮಾಡಿತು. ಇಂಗ್ಲೆಂಡಿನ ಡಡ್ಲಿಯ ಡೆರಾನ್ ಸಂಸ್ಥೆ ವಿಡಿಯೊ ಕ್ಯಾಸೆಟ್ ಬಂದು ಎಲ್ಲರೂ ಬಾಗಿಲು ಹಾಕಿದ ಮೇಲೂ ಪೂರ್ಣಾವಧಿಯ ಸೂಪರ್ 8 ಚಿತ್ರಗಳನ್ನು ಅಚ್ಚುಹಾಕುತ್ತಲೇ ಇತ್ತು. 2011ರವರೆಗೂ ನಡೆಯಿತು. 1977ರಲ್ಲಿ ‘ಸ್ಟಾರ್ ವಾರ್ಸ್’ ನೋಡಿದ ಮಕ್ಕಳಿಗೆ ಅದೇ ಚಿತ್ರದ ಕೆಲವು ನಿಮಿಷಗಳನ್ನು ಕೆನ್ ಫಿಲ್ಮ್ಸ್ ಸೂಪರ್ 8ರಲ್ಲಿ ಮಾರಿತ್ತು. ಸಿನಿಮಾವನ್ನು ಮನೆಗೆ ತಂದಿಟ್ಟುಕೊಂಡು ಬೇಕೆಂದಾಗ ಹಾಕಿ ನೋಡುವ ಸುಖ ಆಗ ಇಷ್ಟರಲ್ಲೇ ಇತ್ತು.

ಇವುಗಳ ಬೆಲೆ ವಯಸ್ಸಿನಿಂದ ಬರುವುದಿಲ್ಲ. ಕ್ಯಾಸಲ್‌ನ ಜನಪ್ರಿಯ ರೀಲುಗಳು ಅಪಾರ ಸಂಖ್ಯೆಯಲ್ಲಿ ಮಾರಾಟವಾದವು, ಆದ್ದರಿಂದ ಎಷ್ಟೇ ಹಳತಾದರೂ ಅಗ್ಗ. ಡೆರಾನ್‌ನ ಪೂರ್ಣಾವಧಿ ಚಿತ್ರಗಳು ತೀರ ಈಚಿನವು, ಪ್ರತಿಗಳು ಕಡಿಮೆ, ಬಣ್ಣ ಚೆನ್ನಾಗಿ ಉಳಿದಿರುತ್ತದೆ, ಹಾಗಾಗಿ ದುಬಾರಿ. ಹರಾಜಿನ ತಾಣಗಳಲ್ಲಿ ಮಾರುವವರು ಕೇಳಿದ ಬೆಲೆ ನೋಡಿ ಹಿಗ್ಗುವವರಿದ್ದಾರೆ. ನೋಡಬೇಕಾದದ್ದು ಮಾರಾಟವಾಗಿ ಮುಗಿದ ಬೆಲೆಯನ್ನು.

ಬೆಲೆಯನ್ನು ಎತ್ತುವುದೂ ಇಳಿಸುವುದೂ ಮುಖ್ಯವಾಗಿ ಬಣ್ಣ ಮತ್ತು ವಾಸನೆ. 1950ರಿಂದ 80ರ ದಶಕದ ಆರಂಭದವರೆಗಿನ ಈಸ್ಟ್‌ಮನ್‌ಕಲರ್ ಪ್ರತಿಗಳಲ್ಲಿ ನೀಲಿಹಸಿರು ವರ್ಣ ಬೇಗ ಕರಗಿ, ಚಿತ್ರವೆಲ್ಲ ಗುಲಾಬಿಗೋ ಕೆಂಪಿಗೋ ತಿರುಗಿರುತ್ತದೆ. ಕಪ್ಪುಬಿಳುಪಿಗೆ ಈ ರೋಗವಿಲ್ಲ. ಮನೆಯ ಕ್ಯಾಮರಾಗಳಿಗೆ ಹಾಕುತ್ತಿದ್ದ ಕೊಡಾಕ್‌ ಕಂಪನಿಯ ಬಣ್ಣದ ಫಿಲ್ಮು ಕೊಡಾಕ್ರೋಮಿನದ್ದು ಬೇರೆಯೇ ಕತೆ. ಕತ್ತಲಲ್ಲಿಟ್ಟ ಕೊಡಾಕ್ರೋಮು ಅರವತ್ತು ವರ್ಷ ಕಳೆದರೂ ಸೀರೆಯ ಅಂಚಿನ ಕೆಂಪನ್ನು ಕೆಂಪಾಗಿಯೇ ತೋರಿಸುತ್ತದೆ. ದುಡ್ಡು ಕೊಟ್ಟು ತಂದ ಹಾಲಿವುಡ್ ಚಿತ್ರ ಮಾಸಿಹೋಗಿ, ಮನೆಯ ಯಜಮಾನರು ತೆಗೆದ ಮೂರು ನಿಮಿಷದ ರೀಲು ಹೊಚ್ಚಹೊಸದಂತಿರುವುದು ಎಷ್ಟೋ ಸಂಗ್ರಹಗಳಲ್ಲಿ ಕಾಣುವ ಸಂಗತಿ. ಕೊಡಾಕ್ರೋಮನ್ನು ತೊಳೆಯುವ ಕೊನೆಯ ಲ್ಯಾಬು ಅಮೆರಿಕದ ಕ್ಯಾನ್ಸಸ್‌ನಲ್ಲಿತ್ತು. 2010ರ ಡಿಸೆಂಬರ್ ಕೊನೆಗೆ ಅಲ್ಲಿಯೂ ನಿಂತಿತು.

ವಾಸನೆಯ ವಿಷಯಕ್ಕೆ ಬಂದರೆ, ಡಬ್ಬಿ ತೆರೆದಾಗ ವಿನಿಗರಿನ ಘಾಟು ಹೊಡೆದರೆ ಅಸಿಟೇಟ್ ಒಡೆಯತೊಡಗಿದೆ ಎಂದರ್ಥ. ಸೆಕೆ ಮತ್ತು ತೇವ ಸೇರಿ ಅಸಿಟಿಕ್ ಆಮ್ಲ ಹುಟ್ಟುತ್ತದೆ, ಹುಟ್ಟಿದ ಆಮ್ಲವೇ ಮುಂದಿನ ಒಡೆತವನ್ನು ಚುರುಕುಗೊಳಿಸುತ್ತದೆ. ಪಟ್ಟಿ ಕುಗ್ಗುತ್ತದೆ, ಸುರುಟುತ್ತದೆ, ಕೊನೆಗೆ ಗರಿಗರಿಯಾಗಿ ಮುರಿಯುತ್ತದೆ. ಗುಣಪಡಿಸಲು ಬರುವುದಿಲ್ಲ, ತಂಪಿನಲ್ಲಿಟ್ಟು ನಿಧಾನಗೊಳಿಸಬಹುದು ಅಷ್ಟೆ. ಟ್ರೈಅಸಿಟೇಟ್ ಫಿಲ್ಮು 1948ರಲ್ಲಿ ಬಂದ ಮೇಲೆ ಈ ಕಾಯಿಲೆಯ ಬಗ್ಗೆ ಕೊಡಾಕ್ ಕಂಪನಿಗೆ ಮುಟ್ಟಿದ ಮೊದಲ ದೂರು ಭಾರತ ಸರ್ಕಾರದಿಂದ ಹೋದದ್ದು. ಬಿಸಿ, ತೇವದ ಕೋಣೆಗಳಲ್ಲಿಟ್ಟಿದ್ದ ಫಿಲ್ಮುಗಳು ಹಾಳಾಗಿದ್ದವು. ನಮ್ಮ ಕರಾವಳಿ, ಮಲೆನಾಡಿನ ಮನೆಗಳ ಅಟ್ಟದಲ್ಲಿ ರೀಲಿದ್ದವರು ಇದನ್ನು ಮನಸ್ಸಿನಲ್ಲಿಡಬೇಕು. ಘಾಟು ಹೊಡೆಯುವ ರೀಲನ್ನು ಉಳಿದವುಗಳಿಂದ ಕೂಡಲೇ ಬೇರ್ಪಡಿಸಬೇಕು, ಆ ಆವಿ ಪಕ್ಕದ ಡಬ್ಬಿಗೂ ತಾಗುತ್ತದೆ. ಆಮ್ಲದ ಪ್ರಮಾಣ ತಿಳಿಯಲು ನೀಲಿಯಿಂದ ಹಸಿರಿಗೆ, ಹಳದಿಗೆ ತಿರುಗುವ ಕಾಗದದ ಪಟ್ಟಿಗಳು ಸಿಗುತ್ತವೆ. ಕೊಳ್ಳುವವನಿಂದ ಈ ಘಾಟಿನ ವಿಷಯ ಮುಚ್ಚಿಟ್ಟರೆ ಅವನ ಇಡೀ ಸಂಗ್ರಹಕ್ಕೆ ರೋಗ ಹಚ್ಚಿದಂತೆ.

ಹಳೆಯ ರೀಲು ಕಂಡೊಡನೆ ಹಳೆಯ ಪ್ರೊಜೆಕ್ಟರನ್ನೂ ಹೊರಗೆ ತೆಗೆದು ಓಡಿಸಿ ನೋಡುವ ಉತ್ಸಾಹವನ್ನು ತಡೆದುಕೊಳ್ಳಬೇಕು. ದಶಕಗಳಿಂದ ನಿಂತ ಯಂತ್ರದ ಬೆಲ್ಟು ಸವೆದಿರುತ್ತದೆ. ಪಟ್ಟಿ ಸಿಕ್ಕಿ ನಿಂತರೆ ದೀಪದ ಕಾವಿಗೆ ಫ್ರೇಮು ಕರಗುತ್ತದೆ. ಕುಗ್ಗಿದ ಫಿಲ್ಮಿನ ತೂತುಗಳನ್ನು ಹಲ್ಲುಚಕ್ರ ಹರಿದುಹಾಕುತ್ತದೆ. ಕೈಯಿಂದ ಸುತ್ತುವ ಎರಡು ರಿವೈಂಡರ್, ಒಂದು ಬಿಳಿ ದೀಪ, ಒಂದು ಭೂತಗನ್ನಡಿ, ಹತ್ತಿಯ ಕೈಗವಸು ಇದ್ದರೆ ಯಾವ ರೀಲನ್ನೂ ಓದಬಹುದು. ಅವಧಿಯ ಲೆಕ್ಕವೂ ಸುಲಭ. ಸೂಪರ್ 8ರ 50 ಅಡಿ ಸೆಕೆಂಡಿಗೆ 18 ಫ್ರೇಮಿನಂತೆ 3 ನಿಮಿಷ 20 ಸೆಕೆಂಡು. ಧ್ವನಿಯುಳ್ಳ 400 ಅಡಿ, 24 ಫ್ರೇಮಿನಂತೆ 20 ನಿಮಿಷ.

ನೋಡುತ್ತ ನೋಡುತ್ತಲೇ ಬರೆದಿಡಬೇಕು: ಶೀರ್ಷಿಕೆ, ಹೊರತಂದವರು, ಅಳತೆ, ಉದ್ದ, ಧ್ವನಿ ಇದೆಯೋ ಇಲ್ಲವೋ, ಬಣ್ಣದ ಸ್ಥಿತಿ, ಅಂಟಿಸಿದ ಜಾಗಗಳು, ಹರಿದ ತೂತುಗಳು, ಮೊದಲು ಕೊನೆ ಪೂರ್ತಿಯಿದೆಯೇ. ಅಂಚಿನಲ್ಲಿ ವೃತ್ತ, ಚೌಕ, ತ್ರಿಕೋನದ ಗುರುತುಗಳಿದ್ದರೆ ಅದು ಕೊಡಾಕ್ ಫಿಲ್ಮು ತಯಾರಾದ ವರ್ಷದ ಸಂಕೇತ, ಅದನ್ನೂ ಬರೆದುಕೊಳ್ಳಬೇಕು. ಲ್ಯಾಬಿನಿಂದ ಅಂಚೆಯಲ್ಲಿ ಬಂದ ಹಳದಿ ಪೆಟ್ಟಿಗೆ, ಅದರ ಮೇಲಿನ ಮೊಹರು, ಯಾರೋ ಪೆನ್ಸಿಲಿನಲ್ಲಿ ಗೀಚಿದ ಎರಡು ಪದ ಯಾವುದನ್ನೂ ಬಿಸಾಡಬಾರದು. ಕೊಳ್ಳುವವರು ಸಾವಿರ ಮೈಲಿ ದೂರದಲ್ಲಿರುತ್ತಾರೆ, ಈ ವಿವರದ ಬಲದಿಂದಲೇ ದುಡ್ಡು ಕಳಿಸುತ್ತಾರೆ. ವಿವರ ಬರೆಯುವ ಕೆಲಸಕ್ಕೆ ನಾನು ಇಷ್ಟು ಒತ್ತು ಕೊಡಲು ಬೆಲೆಗಿಂತ ದೊಡ್ಡ ಕಾರಣವಿದೆ. ಡಬ್ಬಿಯಲ್ಲಿ ಏನಿದೆ ಎಂದು ಗೊತ್ತಿರುವುದರಿಂದಲೇ ಫಿಲ್ಮು ಉಳಿಯುತ್ತದೆ.

1954ರಲ್ಲಿ ಇಂಗ್ಲೆಂಡಿನ ಶಾಲಾ ಹುಡುಗ ಕೆವಿನ್ ಬ್ರೌನ್‌ಲೋ ಕೈಗೆ ಆಬೆಲ್ ಗಾನ್ಸ್ ನಿರ್ದೇಶಿಸಿದ ‘ನೆಪೋಲಿಯನ್’ (1927) ಚಿತ್ರದ ಕೆಲವು 9.5 ಎಂ.ಎಂ. ರೀಲುಗಳು ಬಂದವು. ಮನೆಬಳಕೆಗೆಂದು ಕತ್ತರಿಸಿ ಕಿರಿದು ಮಾಡಿದ ಪ್ರತಿ. ಮನೆಯ ಗೋಡೆಯ ಮೇಲೆ ಅದನ್ನು ಕಂಡವನು ಉಳಿದ ಭಾಗಗಳಿಗಾಗಿ ದಶಕಗಟ್ಟಲೆ ಹುಡುಕಿದ. 1980ರಲ್ಲಿ ಲಂಡನ್ನಿನಲ್ಲಿ ಕಾರ್ಲ್ ಡೇವಿಸ್ ಸಂಗೀತದೊಂದಿಗೆ ಸುಮಾರು ಐದು ಗಂಟೆಯ ಚಿತ್ರವಾಗಿ ಅದು ಮರಳಿ ಬಂತು. ಮುಂದಿನ ವರ್ಷ ಗಾನ್ಸ್ ತೀರಿಕೊಂಡರು, ತಮ್ಮ ಚಿತ್ರ ಎದ್ದುನಿಂತದ್ದನ್ನು ನೋಡಿಯೇ ಹೋದರು. ಫ್ರಿಟ್ಜ್ ಲಾಂಗ್‌ನ ‘ಮೆಟ್ರೊಪೊಲಿಸ್’ (1927) ಚಿತ್ರದ್ದೂ ಇಂಥದ್ದೇ ಭಾಗ್ಯ. ಬಿಡುಗಡೆಯ ನಂತರ ಕತ್ತರಿಸಿ ಎಸೆದ ಭಾಗಗಳು ಹೋದವೆಂದೇ ಎಲ್ಲರೂ ಕೈಚೆಲ್ಲಿದ್ದರು. ಅರ್ಜೆಂಟೀನಾದ ಒಬ್ಬ ಚಿತ್ರವಿಮರ್ಶಕರ ಬಳಿ ಉದ್ದನೆಯ ಪ್ರತಿಯೊಂದಿತ್ತು. ಅವರ ಸಂಗ್ರಹ ಮಾರಾಟವಾಗಿ ಸರ್ಕಾರಿ ಕಲಾನಿಧಿಗೆ ಹೋಯಿತು, ಅಲ್ಲಿ ಅದನ್ನು 16 ಎಂ.ಎಂ.ಗೆ ಇಳಿಸಿದರು, ಆ ಪ್ರತಿ ಬ್ಯೂನಸ್ ಐರಿಸ್‌ನ ಸಿನಿಮಾ ವಸ್ತುಸಂಗ್ರಹಾಲಯ ಸೇರಿತು. 2008ರಲ್ಲಿ ಡಬ್ಬಿ ತೆರೆದು ನೋಡಿದಾಗ ಜಗತ್ತು ಕಾಣದ ಸುಮಾರು 25 ನಿಮಿಷ ಅದರಲ್ಲಿತ್ತು. ಗೀರುಗಳು ತುಂಬಿದ್ದರೂ ಅದೊಂದೇ ಸಾಕ್ಷಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗಾಗಿ ಡೇವಿಡ್ ಪಿಯರ್ಸ್ 2013ರಲ್ಲಿ ನಡೆಸಿದ ಅಧ್ಯಯನ ಹೇಳುವುದೂ ಇದನ್ನೇ. ಅಲ್ಲಿನ ಸುಮಾರು 11 ಸಾವಿರ ಮೂಕಿ ಕಥಾಚಿತ್ರಗಳಲ್ಲಿ ಮೂಲ 35 ಎಂ.ಎಂ. ರೂಪದಲ್ಲಿ ಪೂರ್ತಿಯಾಗಿ ಉಳಿದಿರುವುದು ಶೇ. 14 ಮಾತ್ರ. ಇನ್ನೊಂದು ಶೇ. 11 ಉಳಿದದ್ದು ವಿದೇಶಿ ಪ್ರತಿಗಳಾಗಿ ಅಥವಾ 16, 28 ಎಂ.ಎಂ.ನಂಥ ಸಣ್ಣ ಅಳತೆಗಳಲ್ಲಿ.

ಕೈಯಿಂದ ಕೈಗೆ ಮಾರಾಟವಾಗುತ್ತ ಬಂದದ್ದರಿಂದಲೇ ಇವು ನಮ್ಮವರೆಗೆ ಬಂದವು. ಸಂಗ್ರಹ ಮಾರುವವರು ತಪ್ಪು ಮಾಡುತ್ತಿದ್ದೇವೆಂದು ಅಳುಕಬೇಕಿಲ್ಲ. ಅಳುಕಬೇಕಾದದ್ದು ಗುಜರಿಗೆ. ಕಪ್ಪುಬಿಳುಪು ಫಿಲ್ಮಿನಲ್ಲಿ ಬೆಳ್ಳಿ ಇರುತ್ತದೆ. ಅದನ್ನು ಕರಗಿಸಿ ತೆಗೆಯಲೆಂದು ನಮ್ಮ ದೇಶದಲ್ಲಿ ಎಷ್ಟೋ ಚಿತ್ರಗಳ ಪ್ರತಿಗಳನ್ನು ತೂಕಕ್ಕೆ ಕೊಟ್ಟುಬಿಟ್ಟರು. ಭಾರತದ ಮೊದಲ ಮಾತಿನ ಚಿತ್ರ ‘ಆಲಂ ಆರಾ’ (1931) ಇವತ್ತು ಇಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (1934) ಕೂಡ ಇಲ್ಲ. ಸುಬ್ಬಯ್ಯನಾಯ್ಡು, ಆರ್. ನಾಗೇಂದ್ರರಾಯರು ಅದರಲ್ಲಿ ಹೇಗೆ ಮಾತಾಡಿದರೆಂದು ಕೇಳುವ ಭಾಗ್ಯ ನಮಗಿಲ್ಲ. ಇನ್ನು ಬಣ್ಣದ ಫಿಲ್ಮಿನಲ್ಲಿ ಬೆಳ್ಳಿಯೂ ಉಳಿದಿರುವುದಿಲ್ಲ, ತೊಳೆಯುವಾಗಲೇ ಹೋಗಿರುತ್ತದೆ. ಸೂಪರ್ 8 ಬಣ್ಣದ ರೀಲನ್ನು ಗುಜರಿಗೆ ಹಾಕಿದವರಿಗೆ ಸಿಗುವುದು ಬರೀ ಪ್ಲಾಸ್ಟಿಕ್ಕಿನ ಬೆಲೆ.

ಕಾನೂನಿನ ವಿಷಯದಲ್ಲಿ ಒಂದು ಗೆರೆ ಸ್ಪಷ್ಟವಾಗಿರಬೇಕು. ರೀಲು ನಿಮ್ಮದಾದರೂ ಅದರೊಳಗಿನ ಚಿತ್ರದ ಹಕ್ಕು ನಿಮ್ಮದಲ್ಲ. ಕ್ಯಾಸಲ್, ಬ್ಲ್ಯಾಕ್‌ಹಾಕ್‌ನಂಥವರು ರೀಲನ್ನು ಗಿರಾಕಿಗೆ ಪೂರ್ತಿಯಾಗಿ ಮಾರಿದ್ದರಿಂದ ಅದೇ ರೀಲನ್ನು ಮತ್ತೊಬ್ಬರಿಗೆ ಮಾರಲು ತೊಡಕಿಲ್ಲ. ಅದರಿಂದ ಪ್ರತಿ ಮಾಡಿ ಮಾರಲು, ಟಿಕೆಟ್ ಇಟ್ಟು ತೋರಿಸಲು ಬರುವುದಿಲ್ಲ. ಸ್ಟುಡಿಯೋಗಳು ಬಾಡಿಗೆಗಷ್ಟೇ ಕೊಡುತ್ತಿದ್ದ 16 ಎಂ.ಎಂ. ಪೂರ್ಣಚಿತ್ರಗಳ ಕತೆ ಬೇರೆ, ಅವು ಯಾರಿಗೂ ಮಾರಿದವಲ್ಲ. 1974ರ ಡಿಸೆಂಬರಿನಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ನಟ ರಾಡಿ ಮ್ಯಾಕ್‌ಡೊವೆಲ್ ಮನೆಗೆ ನುಗ್ಗಿ ಅವರ ಫಿಲ್ಮುಗಳನ್ನೂ ಸಾವಿರಕ್ಕೂ ಹೆಚ್ಚು ಕ್ಯಾಸೆಟ್‌ಗಳನ್ನೂ ಹೊತ್ತೊಯ್ದಿತ್ತು. ಮೊಕದ್ದಮೆ ಹೂಡಲಿಲ್ಲ, ಆದರೆ ಸಂಗ್ರಾಹಕರು ವರ್ಷಗಟ್ಟಲೆ ಹೆದರಿ ಬಾಯಿ ಮುಚ್ಚಿಕೊಂಡರು. ಭಾರತದಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಚಲನಚಿತ್ರದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ.

ರೀಲು ಬೇರೆ, ಹಕ್ಕು ಬೇರೆ ಎಂಬುದಕ್ಕೆ ಮನೆಚಿತ್ರಗಳಲ್ಲೇ ಅತಿ ದುಬಾರಿಯಾದದ್ದು ಸಾಕ್ಷಿ. 1963ರ ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯ ಹತ್ಯೆಯನ್ನು ಸಿದ್ಧಉಡುಪಿನ ವ್ಯಾಪಾರಿ ಏಬ್ರಹಾಂ ಝಪ್ರೂಡರ್ ತನ್ನ 8 ಎಂ.ಎಂ. ಕ್ಯಾಮರಾದಲ್ಲಿ ಸೆರೆಹಿಡಿದ. ಸುಮಾರು 26 ಸೆಕೆಂಡು, 486 ಫ್ರೇಮು, ಕೊಡಾಕ್ರೋಮು. ‘ಲೈಫ್’ ಪತ್ರಿಕೆ ಒಂದೂವರೆ ಲಕ್ಷ ಡಾಲರಿಗೆ ಕೊಂಡಿತು, 1975ರಲ್ಲಿ ಒಂದು ಡಾಲರಿಗೆ ಕುಟುಂಬಕ್ಕೆ ಹಿಂತಿರುಗಿಸಿತು. 1999ರಲ್ಲಿ, ತಾನು ವಶಕ್ಕೆ ತೆಗೆದುಕೊಂಡ ಆ ಪಟ್ಟಿಗಾಗಿ ಅಮೆರಿಕದ ಸರ್ಕಾರ ಕುಟುಂಬಕ್ಕೆ 1.6 ಕೋಟಿ ಡಾಲರ್ ಕೊಡಬೇಕೆಂದು ತೀರ್ಪಾಯಿತು. ಪಟ್ಟಿ ಸರ್ಕಾರದ್ದಾದರೂ ಹಕ್ಕುಸ್ವಾಮ್ಯ ಕುಟುಂಬದಲ್ಲೇ ಉಳಿದಿತ್ತು. ಅದನ್ನು ಅವರು ಡಲ್ಲಾಸ್‌ನ ಸಿಕ್ಸ್ತ್ ಫ್ಲೋರ್ ವಸ್ತುಸಂಗ್ರಹಾಲಯಕ್ಕೆ ದಾನವಾಗಿ ಕೊಟ್ಟರು.

ನಮ್ಮ ಮನೆಗಳ ರೀಲಿಗೆ ಅಂಥ ಬೆಲೆ ಬರುವುದಿಲ್ಲ. ಆದರೂ ಆ ಎರಡನೆಯ ಪಾಲನ್ನು ಮಾರಬೇಡಿ ಎಂದೇ ನಾನು ಕೇಳಿಕೊಳ್ಳುತ್ತೇನೆ. ಅಮೆರಿಕದ ವಲಸೆ ಕಾನೂನು ಸಡಿಲವಾದದ್ದೂ ಸೂಪರ್ 8 ಬಂದದ್ದೂ ಒಂದೇ ವರ್ಷ, 1965. ಆ ನಂತರದ ದಶಕದಲ್ಲಿ ಹೋದ ಕನ್ನಡದ ವೈದ್ಯರು, ಎಂಜಿನಿಯರುಗಳಲ್ಲಿ ಈ ಕ್ಯಾಮರಾ ಕೊಂಡವರ ರೀಲುಗಳಲ್ಲಿ ಮೊದಲ ಹಿಮವೂ ಇದೆ, ರಜೆಗೆ ಬಂದಾಗ ತೆಗೆದ ಊರ ತೇರೂ ಇದೆ. ಅಂದಿನ ನಮ್ಮ ಬೀದಿಗಳು ಬಣ್ಣದಲ್ಲಿ ಚಲಿಸುವುದನ್ನು ತೋರಿಸುವ ದಾಖಲೆ ಎಷ್ಟು ವಿರಳವೆಂದು ನೆನೆದರೆ, ಇವು ಆ ಮನೆತನಕ್ಕಷ್ಟೇ ಸೇರಿದವಲ್ಲ ಅನ್ನಿಸುತ್ತದೆ. ಮೊದಲು ಒಳ್ಳೆಯ ಲ್ಯಾಬಿನಲ್ಲಿ ಫ್ರೇಮು ಫ್ರೇಮಾಗಿ ಸ್ಕ್ಯಾನ್ ಮಾಡಿಸಿ. ಗೋಡೆಯ ಮೇಲೆ ಬಿಟ್ಟು ಮೊಬೈಲಿನಲ್ಲಿ ಹಿಡಿದದ್ದು ಸ್ಕ್ಯಾನ್ ಅಲ್ಲ. ಮನೆಯ ಹಿರಿಯರನ್ನು ಕೂರಿಸಿ, ಯಾರು ಯಾರು, ಯಾವ ಊರು ಎಂದು ಕೇಳಿ ಬರೆಸಿಕೊಳ್ಳಿ, ಇದಕ್ಕೆ ಕಾಯುವ ಸಮಯವಿಲ್ಲ. ಸ್ಕ್ಯಾನ್ ಆದ ಮೇಲೂ ಮೂಲ ರೀಲನ್ನು ಎಸೆಯಬೇಡಿ. ಫಿಲಡೆಲ್ಫಿಯಾದ ಸೌತ್ ಏಷ್ಯನ್ ಅಮೆರಿಕನ್ ಡಿಜಿಟಲ್ ಆರ್ಕೈವ್ 2008ರಿಂದ ಇಂಥ ಕುಟುಂಬಗಳ ದಾಖಲೆಗಳನ್ನು ಡಿಜಿಟಲ್ ರೂಪದಲ್ಲಿ ಸೇರಿಸಿಕೊಳ್ಳುತ್ತಿದೆ. ಇಲ್ಲಿ ಫಿಲ್ಮು ಕಾಪಾಡುವ ಕೆಲಸದಲ್ಲಿ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ, ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಇವೆ. ಇಟ್ಟುಕೊಳ್ಳಲು ಜಾಗವಿಲ್ಲದವರು ಇವರನ್ನು ಕೇಳಿ ನೋಡಬಹುದು.

ಮೊದಲ ಪಾಲನ್ನು ಧೈರ್ಯವಾಗಿ ಮಾರಿ. ಒಟ್ಟಿಗೆ ಕೊಟ್ಟರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಕೊಳ್ಳುವ ವ್ಯಾಪಾರಿ ಅಗ್ಗದ ರೀಲುಗಳ ಲೆಕ್ಕದಲ್ಲೇ ಎಲ್ಲಕ್ಕೂ ಬೆಲೆ ಕಟ್ಟುತ್ತಾನೆ. ಧ್ವನಿಯುಳ್ಳ ಬಣ್ಣದ ಪೂರ್ಣಚಿತ್ರಗಳನ್ನು, ಅಪರೂಪದ ಮೂಕಿಗಳನ್ನು ಒಂದೊಂದಾಗಿ ಮಾರಿ, ಉಳಿದವನ್ನು ಒಂದೇ ಬಗೆಯವು ಹತ್ತು ಹತ್ತು ಸೇರಿಸಿ ಕೊಡುವುದು ಒಳ್ಳೆಯದು. ಯಾರಿಗೂ ಬೇಡವಾದ ಕೆಂಪಾದ ರೀಲನ್ನು ಬೆಲೆ ಇಳಿಸಿ, ಕೆಂಪಾಗಿದೆ ಎಂದು ಬರೆದೇ ಕೊಡಿ. ಆ ಚಿತ್ರದ ಬೇರೆ ಪ್ರತಿ ಸಿಗದವರಿಗೆ ಅದೂ ಬೇಕಾಗಿರುತ್ತದೆ. ತುಕ್ಕು ಹಿಡಿದ ತಗಡಿನ ಡಬ್ಬಿಗಳನ್ನು ಬದಲಿಸಿ ಗಾಳಿಯಾಡುವ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ವಿವರದ ಚೀಟಿಯ ಒಂದು ಪ್ರತಿಯನ್ನು ಒಳಗಿಟ್ಟು, ಇನ್ನೊಂದನ್ನು ಮುಚ್ಚಳದ ಮೇಲೆ ಅಂಟಿಸಿ. ಹಳೆಯ ಪೆಟ್ಟಿಗೆಯನ್ನು ಜೊತೆಗೆ ಪ್ರತ್ಯೇಕವಾಗಿ ಕಳಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾರ್ಸೆಲ್ ಹಾಕದಿದ್ದರೆ ವಾಸಿ. ಮಳೆ ನಿಂತ ಮೇಲೆ, ಒಣಹವೆಯ ದಿನ ಕಟ್ಟಿ ಕಳಿಸಿದ ರೀಲಿಗೆ ದಾರಿಯಲ್ಲಿ ಬೂಸ್ಟು ಹಿಡಿಯುವ ಭಯ ಕಡಿಮೆ.